ಎಲ್ಲ ಮರವೂ ಸೌದೆಯಲ್ಲ

(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ಸಂಘ ಇಪ್ಪತ್ತೈದು ವರ್ಷ ನಡೆದು ಬಂದ ದಾರಿಯನ್ನು ಕಾರ್ಯದರ್ಶಿಗಳು ವರದಿಯಲ್ಲಿ ಓದಿ ಹೇಳಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಊಟದ ಹೊತ್ತು ಮೀರಿಸುವುದಿಲ್ಲ. ನಮಗೆ ವಹಿಸಿರುವ ವಿಷಯ ಬೇರೆ. ಲೇತಿನ ಮೇಲೆ ಕಡೆಯುವ ಕೆಲಸಕ್ಕೆ ಎಂಥ ಮರ ಬೇಕು, ಎಂಥ ಸಾಮಾನು ಬೇಕು, ಅದರಲ್ಲಿ ರೈತರಾದ ನಮ್ಮ ಪಾಲು ಏನು ಅನ್ನುವುದು. ಹಾಲಿನ ಸಂಘದ ಸಭೆಯಲ್ಲಿ ಮರದ ಮಾತೇಕೆ ಅಂತ ಕೆಲವರಿಗೆ ಅನ್ನಿಸಬಹುದು. ಕಾರಣ ಇದೆ. ನಾವಿರುವುದು ಚನ್ನಪಟ್ಟಣದ ಸೀಮೆಯಲ್ಲಿ. ಬೊಂಬೆ ಮಾಡುವವರು ಪೇಟೆಯಲ್ಲಿ ಇದ್ದಾರೆ, ನಮ್ಮ ಸುತ್ತಿನ ಹಳ್ಳಿಗಳಲ್ಲೂ ಇದ್ದಾರೆ. ಅವರಿಗೆ ಬೇಕಾದ ಮರ ಇರುವುದು ನಮ್ಮ ನಿಮ್ಮ ಬದುವಿನ ಮೇಲೆ. ಆದರೆ ಆ ಮರ ಇವತ್ತು ಬದುವಿನಿಂದ ನೇರವಾಗಿ ಸೌದೆ ಲಾರಿಗೆ ಹೋಗುತ್ತಿದೆ. ಇದನ್ನು ನಿಲ್ಲಿಸಬೇಕೋ ಬೇಡವೋ, ಸಭೆ ಯೋಚನೆ ಮಾಡಬೇಕು.

ನಾವು ಓದಿದ್ದು ಎಸ್ಸೆಸ್ಸೆಲ್ಸಿ. ಮರದ ಶಾಸ್ತ್ರವನ್ನು ಪುಸ್ತಕ ಹಿಡಿದು ಕಲಿತವರಲ್ಲ. ಕಡೆಯುವವರ ಪಕ್ಕದಲ್ಲಿ ಕೂತು ನೋಡಿದ್ದು, ಕೇಳಿದ್ದು, ಹೊಲದಲ್ಲಿ ಕಂಡದ್ದು, ಇಷ್ಟನ್ನೇ ನಿಮ್ಮ ಮುಂದೆ ಇಡುತ್ತೇವೆ.

ಮೊದಲು ಒಂದು ಮಾತು ಗಮನಿಸಿ. ಮಜ್ಜಿಗೆ ಕಡೆಯುವುದು ಅಂತೀವಿ, ಮರ ಕಡೆಯುವುದು ಅಂತಲೂ ಅಂತೀವಿ. ಎರಡಕ್ಕೂ ಒಂದೇ ಮಾತು. ಹಿಂದೆ ಲೇತು ಅಂದರೆ ಕೈ ಲೇತು. ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಬಿಲ್ಲು ಎಳೆಯುತ್ತಾ ಇನ್ನೊಂದು ಕೈಯಲ್ಲಿ ಉಳಿ ಹಿಡಿಯಬೇಕು. ಬಿಲ್ಲಿನ ಹಗ್ಗ ಸುತ್ತಿದ ಮರ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ತಿರುಗುತ್ತದೆ, ಥೇಟ್ ಕಡೆಗೋಲಿನ ಹಂಗೆ. ಈಗ ಕರೆಂಟು ಲೇತು ಬಂದು ಮರ ಒಂದೇ ಕಡೆಗೆ ಬಿಡುವಿಲ್ಲದೆ ತಿರುಗುತ್ತದೆ. ಎರಡರಲ್ಲೂ ತತ್ವ ಒಂದೇ. ಬಡಗಿಯ ಕೆಲಸದಲ್ಲಿ ಮರ ನಿಂತಿರುತ್ತದೆ, ಉಳಿ ಓಡುತ್ತದೆ. ಕಡೆಯುವುದರಲ್ಲಿ ಉಳಿ ನಿಂತಿರುತ್ತದೆ, ಮರ ಓಡುತ್ತದೆ.

ಇದರಿಂದಲೇ ಮರದ ಆಯ್ಕೆ ಕಷ್ಟವಾಗುವುದು. ಬಡಗಿಗೆ ಗಂಟು ಬಂದರೆ ಅಷ್ಟು ಜಾಗ ಬಿಟ್ಟು ಪಕ್ಕದಲ್ಲಿ ಕೆತ್ತಬಹುದು. ಕಡೆಯುವವರಿಗೆ ಆ ಅನುಕೂಲ ಇಲ್ಲ. ಮರ ಒಂದು ಸುತ್ತು ತಿರುಗಿದರೆ ಅದರ ನಾಲ್ಕೂ ಮಗ್ಗುಲು ಉಳಿಯ ಮುಂದೆ ಬಂದು ಹೋಗುತ್ತವೆ. ಒಂದು ಕಡೆ ಮೆತ್ತಗೆ, ಒಂದು ಕಡೆ ಗಟ್ಟಿ ಇದ್ದರೆ ಉಳಿ ಕುಣಿಯುತ್ತದೆ, ಮೈ ತರಿತರಿಯಾಗುತ್ತದೆ. ಹೀಗಾಗಿ ಕಡೆಯುವ ಮರಕ್ಕೆ ಮೊದಲನೆಯ ಗುಣ ಒಳಗೆಲ್ಲ ಒಂದೇ ಸಮ ಇರುವುದು. ಎಳೆ ಸಣ್ಣಗೆ, ಒತ್ತಾಗಿ, ನೇರವಾಗಿ ಇರಬೇಕು. ತೀರಾ ಗಟ್ಟಿ ಇದ್ದರೆ ಉಳಿ ಮೊಂಡಾಗುತ್ತದೆ, ತೀರಾ ಮೆತ್ತಗಿದ್ದರೆ ಎಳೆ ಕಿತ್ತು ಬರುತ್ತದೆ. ಹದವಾಗಿರಬೇಕು.

ಬೊಂಬೆಗೆ ಇನ್ನೂ ಮೂರು ಗುಣ ಬೇಕು. ಮರ ಬೆಳ್ಳಗಿರಬೇಕು, ಇಲ್ಲದಿದ್ದರೆ ಅರಗಿನ ಹಳದಿ ಬಣ್ಣ ಹಳದಿಯಾಗಿ ಕಾಣುವುದಿಲ್ಲ. ಮರದಲ್ಲಿ ಎಣ್ಣೆ, ಅಂಟು, ಘಾಟು ಇರಬಾರದು. ಇದ್ದರೆ ಅರಗು ಸರಿಯಾಗಿ ಹಿಡಿಯುವುದಿಲ್ಲ. ಕೊನೆಯದು, ಮಗು ಬಾಯಿಗೆ ಇಟ್ಟುಕೊಂಡರೂ ತೊಂದರೆ ಆಗಬಾರದು.

ಇಷ್ಟೂ ಗುಣ ಒಂದೇ ಕಡೆ ಇರುವ ಮರ ನಮ್ಮ ಆಲೆ ಮರ. ಹಾಲೆ ಅಂತಲೂ ಕರೆಯುತ್ತಾರೆ. ಎಲೆ ಚಿವುಟಿದರೆ ಹಾಲು ಬರುತ್ತದೆ. ಹಾಲಿನ ಸಂಘದವರಿಗೆ ನೆಂಟಸ್ತಿಕೆ ಅಲ್ಲಿಂದಲೇ ಶುರು. ಸಣ್ಣ ಮರ, ಬೇಸಿಗೆಗೆ ಎಲೆ ಉದುರಿಸುತ್ತದೆ. ಮಲ್ಲಿಗೆಯಂಥ ಬಿಳೀ ಹೂ ಬಿಡುತ್ತದೆ. ಕಾಯಿ ಜೋಡಿ ಜೋಡಿಯಾಗಿ ಕಡ್ಡಿಯ ಹಂಗೆ ಇಳಿಬಿದ್ದಿರುತ್ತವೆ, ಎಳೆಯದರಲ್ಲಿ ಎರಡು ಕಾಯಿಯ ತುದಿ ಕೂಡಿಕೊಂಡಿರುತ್ತದೆ. ಒಣಗಿ ಒಡೆದರೆ ಬೀಜದ ತುದಿಯಲ್ಲಿ ರೇಷ್ಮೆಯಂಥ ಕೂದಲು. ಗಾಳಿಗೆ ಹಾರಿ ಹೋಗುತ್ತದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಎಲೆಯಿಂದ ಹಿಂದೆ ನೀಲಿ ಬಣ್ಣ ತೆಗೆಯುತ್ತಿದ್ದರು. ತಮಿಳುನಾಡಿನ ಸಿದ್ಧ ವೈದ್ಯರು ಇದರ ಎಲೆಯ ಎಣ್ಣೆಯನ್ನು ಚರ್ಮದ ಕಾಯಿಲೆಗೆ ಕೊಡುತ್ತಾರೆ. ಆಂಧ್ರದ ಏಟಿಕೊಪ್ಪಾಕ ಅನ್ನುವ ಊರಿನಲ್ಲೂ ಅರಗಿನ ಬೊಂಬೆ ಕಡೆಯುತ್ತಾರೆ. ಅವರು ಅಂಕುಡು ಅಂತ ಕರೆಯುವ ಮರವೂ ಇದೇ. ಅಂದರೆ ನಮ್ಮ ಹಿರೀಕರು ಯಾವುದೋ ಒಂದು ಮರ ಸಿಕ್ಕಿತು ಅಂತ ಹಿಡಿದುಕೊಂಡಿದ್ದಲ್ಲ. ದೂರದ ಊರಿನ ಕಸುಬುದಾರರೂ ಬಂದು ನಿಂತದ್ದು ಇದೇ ಮರದ ಬುಡಕ್ಕೆ.

ಇದೇ ಜಾತಿಗೆ ಹತ್ತಿರದ ಇನ್ನೊಂದು ಗಿಡ ಕೊಡಸಿಗೆ. ಅದರಲ್ಲೂ ಹಾಲು ಬರುತ್ತದೆ, ಮರವೂ ಬೆಳ್ಳಗೇ ಇರುತ್ತದೆ. ಎಲೆ ದೊಡ್ಡದು. ಅದರ ತೊಗಟೆ ಆಮಶಂಕೆಗೆ ಔಷಧ ಅಂತ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಮರ ಗುರುತಿಸುವಾಗ ಎರಡನ್ನೂ ಕಲೆಸಬಾರದು. ಹಾಲು ಬಂತು ಅಂತ ಎಲ್ಲವೂ ಆಲೆಯಲ್ಲ. ಕಣಗಿಲೆಯಲ್ಲೂ ರಸ ಬರುತ್ತದೆ, ಅದು ವಿಷ. ಬೇಲಿಯ ಕಣಗಿಲೆ ಕಡ್ಡಿ ಚೆಂದಕ್ಕಿದೆ ಅಂತ ಮಕ್ಕಳ ಆಟಿಕೆಗೆ, ಸೌಟಿನ ಹಿಡಿಗೆ ಹಾಕಬೇಡಿ. ಈ ಮಾತನ್ನು ಮನೆಯಲ್ಲಿ ಮಕ್ಕಳಿಗೂ ಹೇಳಿ.

ಈಗ ಒಣಗಿಸುವ ವಿಚಾರ. ಒಳ್ಳೆ ಮರ ಕೆಡುವುದು ಇಲ್ಲೇ. ಹಾಲು ಕರೆದ ಮೇಲೆ ಕ್ಯಾನಿನಲ್ಲಿ ಮಧ್ಯಾಹ್ನದವರೆಗೆ ಇಟ್ಟರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಆಲೆ ಮರವೂ ಹಂಗೇ. ಕಡಿದ ಮರವನ್ನು ಮಳೆಯಲ್ಲಿ, ನೆಲದ ಮೇಲೆ ರಾಶಿ ಹಾಕಿದರೆ ಬೂಷ್ಟು ಹಿಡಿದು ನೀಲಿ ಮಚ್ಚೆ ಬೀಳುತ್ತದೆ. ಬಿಳೀ ಮರದ ಬೆಲೆ ಇರುವುದೇ ಅದರ ಬಿಳುಪಿನಲ್ಲಿ. ತೊಗಟೆ ಹಂಗೇ ಬಿಟ್ಟರೆ ಒಳಗೆ ಹುಳ ಬೀಳುತ್ತದೆ. ಬಿರುಬಿಸಿಲಿಗೆ ಹಾಕಿದರೆ ಮೇಲೆ ಬೇಗ ಒಣಗಿ ಒಳಗೆ ಹಸಿ ಉಳಿದು ಸೀಳು ಬಿಡುತ್ತದೆ.

ಸೀಳು ಯಾಕೆ ಬಿಡುತ್ತದೆ ಅಂತ ಸ್ವಲ್ಪ ತಿಳಿದುಕೊಳ್ಳೋಣ. ಮರ ಒಣಗಿದಾಗ ಕುಗ್ಗುತ್ತದೆ, ಆದರೆ ಎಲ್ಲ ಕಡೆಗೂ ಸಮನಾಗಿ ಕುಗ್ಗುವುದಿಲ್ಲ. ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಸ್ವಲ್ಪ ಕುಗ್ಗುತ್ತದೆ. ಸುತ್ತಳತೆಯ ಕಡೆಗೆ ಅದರ ಸುಮಾರು 2 ಪಟ್ಟು ಕುಗ್ಗುತ್ತದೆ. ಸುತ್ತಳತೆ ಹೆಚ್ಚು ಕುಗ್ಗಿ ಒಳಗಿನದು ಕಡಿಮೆ ಕುಗ್ಗಿದರೆ ಎಲ್ಲೋ ಒಂದು ಕಡೆ ಬಿಡಲೇಬೇಕಲ್ಲ. ಉಂಡೆ ಕೊರಡಿನಲ್ಲಿ ಹೊರಗಿಂದ ತಿರುಳಿನವರೆಗೆ ಸೀಳು ಬರುವುದು ಹೀಗೆ. ಅಲ್ಲದೆ ಕೊರಡಿನ ಎರಡು ತುದಿಗಳಿಂದ ನೀರು ಬೇಗ ಆರುತ್ತದೆ, ಅದಕ್ಕೇ ತುದಿಯಲ್ಲಿ ಮೊದಲು ಬಿರುಕು ಕಾಣುವುದು.

ಆದ್ದರಿಂದ ಕೆಲಸದ ಕ್ರಮ ಹೀಗಿರಬೇಕು. ಒಣ ಕಾಲದಲ್ಲಿ ಕಡಿಯಿರಿ. ಗಂಟು ಇರುವ ಕಡೆ ಬಿಟ್ಟು ನೇರ ತುಂಡುಗಳನ್ನು ಆರಿಸಿ. ತೊಗಟೆ ತೆಗೆಯಿರಿ. ಎರಡು ತುದಿಗೂ ಮೇಣವನ್ನೋ, ಮಿಕ್ಕಿದ ಬಣ್ಣವನ್ನೋ ಬಳಿಯಿರಿ. ಏನೂ ಇಲ್ಲದಿದ್ದರೆ ಸಗಣಿ ಮೆತ್ತಿದರೂ ಇಲ್ಲದ್ದಕ್ಕಿಂತ ಮೇಲು. ಸೂರಿನ ಕೆಳಗೆ, ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಅಡ್ಡಪಟ್ಟಿ ಇಟ್ಟು, ತುಂಡುಗಳ ನಡುವೆ ಗಾಳಿ ಆಡುವಂತೆ ಪೇರಿಸಿ. ಸಣ್ಣ ತುಂಡು 2-3 ತಿಂಗಳಿಗೆ ಹದಕ್ಕೆ ಬರುತ್ತದೆ, ದಪ್ಪನೆಯದಕ್ಕೆ ಇನ್ನೂ ಹೆಚ್ಚು ಕಾಯಬೇಕು.

ಹದಕ್ಕೆ ಬಂತು ಅಂತ ತಿಳಿಯುವುದು ಹೇಗೆ? ಹಳಬರು ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿದು ನೋಡುತ್ತಾರೆ. ಹಸಿಯದು ದಬ್ ಅನ್ನುತ್ತದೆ, ಒಣಗಿದ್ದು ಠಣ್ ಅನ್ನುತ್ತದೆ. ಇದು ಕಿವಿ ಪಳಗಿದವರಿಗೆ. ಪಳಗದವರಿಗೆ ನಮ್ಮ ಸಂಘದ ತಕ್ಕಡಿ ಇದೆ. ರಾಶಿಯಲ್ಲಿ ಒಂದು ತುಂಡಿಗೆ ಗುರುತು ಹಾಕಿ, ವಾರಕ್ಕೊಮ್ಮೆ ತೂಗಿ, ಒಂದು ಚೀಟಿಯಲ್ಲಿ ಬರೆಯಿರಿ. ಮೊದಲ ವಾರ 1000 ಗ್ರಾಂ ಇದ್ದದ್ದು 900 ಆಯಿತು, 820 ಆಯಿತು, ಆಮೇಲೆ 700ರ ಹತ್ತಿರ ಬಂದು ಮೂರು ನಾಲ್ಕು ವಾರ ಅಲ್ಲೇ ನಿಂತಿತು ಅನ್ನಿ. ಆ ಗಾಳಿಯಲ್ಲಿ ಎಷ್ಟು ಒಣಗಬೇಕೋ ಅಷ್ಟು ಒಣಗಿದೆ ಅಂತ ಅರ್ಥ. ಇದಕ್ಕೆ ಖರ್ಚು ಒಂದು ಚೀಟಿ, ಒಂದು ಪೆನ್ಸಿಲು.

ಹಾಲು ತಂದವರಿಗೆ ಫ್ಯಾಟು, ಎಸ್.ಎನ್.ಎಫ್. ನೋಡದೆ ದುಡ್ಡು ಕೊಡುತ್ತೀವಾ? ಇಲ್ಲ. ನೀರಿನ ಹಾಲಿಗೂ ಗಟ್ಟಿ ಹಾಲಿಗೂ ಒಂದೇ ದರ ಕಟ್ಟಿದರೆ ನಾಳೆಯಿಂದ ಗಟ್ಟಿ ಹಾಲು ತರುವವರೇ ಇರುವುದಿಲ್ಲ. ಮರದಲ್ಲಿ ಆಗುತ್ತಿರುವುದು ಅದೇ. ಸೌದೆ ತೂಕದಲ್ಲಿ ಆಲೆಗೂ ಜಾಲಿಗೂ ಬೇಲಿ ಕಳ್ಳಿಗೂ ಒಂದೇ ದರ. ಹಂಗಿರುವಾಗ ಬದುವಿನ ಮೇಲೆ ಆಲೆ ಉಳಿಸಬೇಕು ಅಂತ ಯಾರಿಗೆ ಅನ್ನಿಸುತ್ತದೆ? ಮೂರು ವರ್ಷದ ಹಿಂದೆ ನಮ್ಮ ಊರಿನಿಂದ ಸೌದೆ ಲೆಕ್ಕದಲ್ಲಿ ಹೋದ ಲೋಡಿನಲ್ಲಿ ನೇರವಾದ ಬಿಳೀ ಕೊರಡುಗಳನ್ನು ದಾರಿಯಲ್ಲೇ ಬೇರೆ ಮಾಡಿಕೊಂಡರು ಅಂತ ಆಮೇಲೆ ಗೊತ್ತಾಯಿತು. ಕೊಂಡವರ ಹೆಸರು ಇಲ್ಲಿ ಬೇಡ. ವ್ಯಾಪಾರ ಅಂದಮೇಲೆ ಅವರು ಅವರ ಲಾಭ ನೋಡಿದರು. ಆರಿಸುವ ಕೆಲಸ ಅವರು ಮಾಡಿದರು, ಆರಿಸಿದ ಲಾಭವೂ ಅವರಿಗೇ ಹೋಯಿತು. ಆ ಆರಿಸುವ ಕೆಲಸ ನಮ್ಮ ಊರಿನಲ್ಲೇ ಆಗಲಿ ಅನ್ನುವುದಷ್ಟೇ ನಮ್ಮ ವಾದ.

ಯಾವ ತುಂಡಿನಲ್ಲಿ ಏನು ಮಾಡಬಹುದು ಅನ್ನುವುದೂ ಆಯ್ಕೆಯ ಒಂದು ಭಾಗ. ಮರದ ನಟ್ಟನಡುವೆ ತಿರುಳು ಇರುತ್ತದೆ. ಬಿರುಕು ಬಂದು ಸೇರುವುದು ಅಲ್ಲಿಗೇ. ಬುಗುರಿಗೆ, ಗಟ್ಟಿ ಬೊಂಬೆಗೆ ತಿರುಳು ಇರುವ ತುಂಡು ಹಾಕಿದರೆ ಬಣ್ಣ ಹಾಕಿದ ಮೇಲೂ ಒಂದು ದಿನ ಬಿರಿಯಬಹುದು. ಅದೇ ತುಂಡಿನಲ್ಲಿ ಬಳೆ ಮಾಡಿ, ಮಣಿ ಮಾಡಿ, ಕುಂಕುಮದ ಭರಣಿ ಮಾಡಿ. ನಡುವೆ ಕೊರೆದು ತೆಗೆಯುವಾಗ ತಿರುಳೂ ಹೋಗುತ್ತದೆ, ತೊಂದರೆ ಇಲ್ಲ. ಹೆಬ್ಬೆರಳು ಗಾತ್ರದ ಕೊಂಬೆ ಮಣಿಗೆ, ಸರಕ್ಕೆ ಆಗುತ್ತದೆ. ಕೈಗಾತ್ರದ್ದು ಬುಗುರಿಗೆ, ಗಿಲಕಿಗೆ. ಅದಕ್ಕಿಂತ ದಪ್ಪನೆಯದು ಸೀಳಿ ತಿರುಳು ಬಿಟ್ಟು ಬೊಂಬೆಗೆ, ಬಟ್ಟಲಿಗೆ. ಆದ್ದರಿಂದ ಸಣ್ಣ ಕೊಂಬೆ ಅಂತ ಒಲೆಗೆ ಹಾಕುವ ಮೊದಲು ಒಂದು ಸಲ ನೋಡಿ.

ಆಲೆ ಇಲ್ಲದ ಕಡೆ ಬೇರೆ ಮರ ನಡೆಯುತ್ತದಾ ಅಂತ ಯುವಕರು ಕೇಳುತ್ತಾರೆ. ನಡೆಯುತ್ತದೆ, ಆದರೆ ಯಾವುದಕ್ಕೆ ಯಾವುದು ಅಂತ ತಿಳಿದಿರಬೇಕು. ಚನ್ನಪಟ್ಟಣದಲ್ಲೇ ಈಗ ರಬ್ಬರ್ ಮರ, ಪೈನ್ ಮರ, ತೇಗವನ್ನೂ ಬಳಸುತ್ತಾರೆ. ರಬ್ಬರ್ ಮರ ತಿಳಿ ಬಣ್ಣದ್ದು, ಕಡೆಯಲು ಒಳ್ಳೆಯದು, ಆದರೆ ಸಂಸ್ಕರಣ ಮಾಡದಿದ್ದರೆ ಬೂಷ್ಟು, ಹುಳ ಬೇಗ ಹಿಡಿಯುತ್ತವೆ. ನಮ್ಮ ಸೀಮೆಯಲ್ಲಿ ಸಿಗುವ ಹಿಪ್ಪುನೇರಳೆ ಮರ ಗಟ್ಟಿ, ಬಾಗುವ ಗುಣವೂ ಇದೆ. ಹಾಕಿ ಬ್ಯಾಟು ಮಾಡುವ ಮರ ಅದು. ರೇಷ್ಮೆ ತೋಟದಲ್ಲಿ ಮರವಾಗಿ ಬಿಟ್ಟ ಹಿಪ್ಪುನೇರಳೆ ಹಿಡಿಗಳಿಗೆ ಚೆನ್ನಾಗಿ ಬರುತ್ತದೆ. ಶಿವನೆ ತಿಳಿ ಬಣ್ಣದ ಹಗುರ ಮರ, ಒಣಗಿದ ಮೇಲೆ ಹೆಚ್ಚು ತಿರುಚಿಕೊಳ್ಳುವುದಿಲ್ಲ. ಹಲಸು ಹಳದಿ, ವೀಣೆಗೂ ಮೃದಂಗಕ್ಕೂ ಆಗುವ ಮರ. ಅದಕ್ಕೆ ಅರಗಿನ ಬಣ್ಣ ಹಾಕುವುದಕ್ಕಿಂತ ಎಣ್ಣೆ ಸವರಿ ಮರದ ಬಣ್ಣವನ್ನೇ ತೋರಿಸುವುದು ಚೆಂದ. ಹುಣಸೆ ಬಹಳ ಗಟ್ಟಿ, ಒನಕೆ, ಕೊಡತಿ, ಗಾಣಕ್ಕೆ ಆಗುವ ಮರ. ಉಳಿಯನ್ನು ಪದೇ ಪದೇ ಮಸೆಯಬೇಕು. ಸೀಬೆ ಮರದ ಎಳೆ ಸಣ್ಣ, ಸಣ್ಣ ಸಾಮಾನಿಗೆ ಹೇಳಿಮಾಡಿಸಿದ್ದು. ಬೇವಿನ ಎಳೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ, ಕಡೆದರೆ ಮೈ ಕಿತ್ತು ಬರುತ್ತದೆ. ಅದು ಬಾಗಿಲಿಗೆ, ಕಿಟಕಿಗೆ ಇರಲಿ. ತೆಂಗಿನ ಮರದ ಹೊರಭಾಗ ಗಟ್ಟಿ, ಒಳಭಾಗ ಪುಡಿಪುಡಿ. ಹೊರಗಿನ ಕಪ್ಪು ಭಾಗವನ್ನು ಮಾತ್ರ ಕಡೆಯಬಹುದು.

ಬೀಟೆ ಮರ ನೋಡಲು ರಾಜ, ಕಡೆದರೆ ಕನ್ನಡಿಯ ಹಂಗೆ ಹೊಳೆಯುತ್ತದೆ. ಆದರೆ ಅದರ ಪುಡಿ ಕೆಲವರ ಚರ್ಮಕ್ಕೆ, ಉಸಿರಿಗೆ ಆಗಿಬರುವುದಿಲ್ಲ. ಅದಕ್ಕಿಂತ ಮುಖ್ಯ, ಅದು ಕಾನೂನಿನ ಮರ. ಶ್ರೀಗಂಧವೂ ಅಷ್ಟೇ. 2001ರಲ್ಲಿ ಕಾಯಿದೆ ತಿದ್ದಿದ ಮೇಲೆ ನಮ್ಮ ಜಮೀನಿನ ಶ್ರೀಗಂಧಕ್ಕೆ ನಾವೇ ಒಡೆಯರು, ಆದರೂ ಮನಸ್ಸಿಗೆ ಬಂದ ಹಾಗೆ ಕಡಿದು ಮಾರುವಂತಿಲ್ಲ. ಸಾಮಾನ್ಯ ಮರಗಳಿಗೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಇದೆ. ಕೆಲವು ಜಾತಿಗೆ ವಿನಾಯಿತಿ ಇದೆ, ಕೆಲವಕ್ಕೆ ಇಲ್ಲ. ಕೊಡಲಿ ಹಾಕುವ ಮೊದಲು ಅರಣ್ಯ ಕಚೇರಿಯಲ್ಲಿ ವಿಚಾರಿಸಿ, ಬೇಕಿದ್ದರೆ ಅರ್ಜಿ ಕೊಟ್ಟು ಅನುಮತಿ ಪಡೆದೇ ಮುಂದುವರಿಯಿರಿ. ಸಂಘದ ಹೆಸರು ಹಾಳಾಗುವ ಕೆಲಸ ಯಾರೂ ಮಾಡಬಾರದು.

ಮರ ಅಲ್ಲದೆ ಬೇರೆ ಸಾಮಾನೂ ಲೇತಿಗೆ ಬರುತ್ತವೆ. ನಮ್ಮ ಮನೆಗಳಲ್ಲೇ ದಿನಾ ಬಿಸಾಕುವ ತೆಂಗಿನ ಚಿಪ್ಪು ಇದೆ. ಚೆನ್ನಾಗಿ ಬಲಿತ ಕಾಯಿಯ ಕಪ್ಪು ಚಿಪ್ಪು ಗಟ್ಟಿ. ಅದರಲ್ಲಿ ಗುಂಡಿ, ಓಲೆ, ಬಟ್ಟಲು ಆಗುತ್ತವೆ. ಎಳನೀರಿನ ಚಿಪ್ಪು ಆಗದು. ಚಿಪ್ಪು ಕಡೆಯುವಾಗ ಏಳುವ ಧೂಳು ಬಹಳ ಸಣ್ಣ, ಮೂಗಿಗೆ ಬಟ್ಟೆ ಕಟ್ಟದೆ ಕೂರಬಾರದು. ಎಮ್ಮೆ ಕೊಂಬಿನಲ್ಲಿ ಬಾಚಣಿಗೆ, ಗುಂಡಿ ಮಾಡುತ್ತಾರೆ. ಬಿಸಿ ಮಾಡಿದರೆ ಬಾಗುತ್ತದೆ, ಕಡೆದರೆ ಹೊಳಪು ಬರುತ್ತದೆ, ವಾಸನೆ ಮಾತ್ರ ತಡೆದುಕೊಳ್ಳಬೇಕು. ಹಿತ್ತಾಳೆಗೆ ಬೇರೆ ಲೇತು, ಬೇರೆ ಉಳಿ ಬೇಕು. ಹಿಂದಿನ ಕಾಲದಲ್ಲಿ ಆನೆ ದಂತ ಕಡೆಯುತ್ತಿದ್ದರು. ಇವತ್ತು ದಂತದ ವ್ಯಾಪಾರ 1972ರ ವನ್ಯಜೀವಿ ಕಾಯಿದೆಯಲ್ಲಿ ಪೂರ್ತಿ ನಿಷೇಧ. ಆಲೆ ಮರಕ್ಕೆ ಇಂಗ್ಲಿಷಿನಲ್ಲಿ ಐವರಿವುಡ್, ಅಂದರೆ ದಂತದ ಮರ ಅಂತಲೇ ಹೆಸರು. ಆನೆಗೆ ತೊಂದರೆ ಕೊಡದೆ ದಂತದ ಬಿಳುಪು ಕೊಡುವ ಮರ ಬದುವಿನ ಮೇಲೆ ನಿಂತಿದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ನಮಗೇ ಹೇಳಿದ್ದು.

ಇನ್ನು ಅರಗು. ಅರಗು ಮರದ ಅಂಟಲ್ಲ, ಒಂದು ಸಣ್ಣ ಹುಳ ಮಾಡುವ ವಸ್ತು. ಮುತ್ತುಗ, ಎಲಚಿ, ಸಾಗಡೆ ಮರಗಳ ಎಳೆ ಕೊಂಬೆಗೆ ಆ ಹುಳ ಅಂಟಿಕೊಂಡು, ರಸ ಹೀರಿ, ಮೈಸುತ್ತ ಅರಗು ಕಟ್ಟುತ್ತದೆ. ನಮ್ಮ ರೇಷ್ಮೆ ಹುಳದ ಹಂಗೇ ಇದೂ ರೈತರ ಬೆಳೆ. ಜಾರ್ಖಂಡ್, ಛತ್ತೀಸಗಡ, ಮಧ್ಯಪ್ರದೇಶದ ಕಡೆ ಹೆಚ್ಚು ಬೆಳೆಯುತ್ತಾರೆ. ಇದಕ್ಕಾಗಿಯೇ ರಾಂಚಿಯಲ್ಲಿ 1924ರಲ್ಲಿ ಸಂಶೋಧನಾ ಸಂಸ್ಥೆ ಶುರುವಾಯಿತು. ಅರಗನ್ನು ಕೆಂಡದ ಮೇಲೆ ಕಾಯಿಸಿ, ಬಣ್ಣ ಸೇರಿಸಿ, ಮತ್ತೆ ಮತ್ತೆ ಎಳೆದು ನಾದಿ ಕಡ್ಡಿ ಮಾಡುತ್ತಾರೆ. ತಿರುಗುವ ಮರಕ್ಕೆ ಆ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಬ್ರಷ್ಷು ಬೇಡ, ಪೇಂಟು ಬೇಡ. ಆಮೇಲೆ ತಾಳೆ ಹೂ ಬಿಡುವ ಕೇದಗೆಯ ಗರಿಯನ್ನು ಒತ್ತಿ ಹಿಡಿದರೆ ಅರಗು ಸಮನಾಗಿ ಹರಡಿ ಹೊಳಪು ಬರುತ್ತದೆ. ಮರ ಹಸಿಯಾಗಿದ್ದರೆ ಈ ಅರಗು ನಿಲ್ಲುವುದಿಲ್ಲ. ಒಳಗಿನ ನೀರು ಆರುತ್ತಾ ಮರ ಕುಗ್ಗುತ್ತದೆ, ಮೇಲಿನ ಅರಗು ಸಿಪ್ಪೆ ಎದ್ದು ಬರುತ್ತದೆ. ಆದ್ದರಿಂದ ಬಣ್ಣದ ಕೆಲಸ ಕೆಟ್ಟರೆ ಬಣ್ಣವನ್ನು ಬೈಯುವ ಮೊದಲು ಮರವನ್ನು ನೋಡಬೇಕು. ಅರಗಿನ ಮನೆಯ ಕಥೆ ಎಲ್ಲರಿಗೂ ಗೊತ್ತು. ಅರಗು ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ. ಕೆಂಡದ ಒಲೆಯ ಹತ್ತಿರ ಮರದ ಹೊಟ್ಟು ರಾಶಿ ಬಿಡಬೇಡಿ.

ಬಣ್ಣದ ವಿಷಯದಲ್ಲಿ ಕಠಿಣವಾಗಿರಬೇಕು. ಕೆಲವು ಹಳೆಯ ಬಣ್ಣದ ಪುಡಿಗಳಲ್ಲಿ ಸೀಸ ಇರುತ್ತದೆ. ಸೀಸ ಮಕ್ಕಳ ಮೆದುಳಿಗೆ ಕೆಡುಕು, ಸ್ವಲ್ಪ ಸ್ವಲ್ಪವೇ ಹೋದರೂ ಕೆಡುಕೇ. ಮಗು ಬುಗುರಿಯನ್ನು ಆಡುವುದಕ್ಕಿಂತ ಹೆಚ್ಚು ಕಚ್ಚುತ್ತದೆ. ಅರಿಶಿನದ ಹಳದಿ, ನೀಲಿಗಿಡದ ನೀಲಿ, ರಂಗಮಾಲೆ ಬೀಜದ ಕಿತ್ತಳೆ, ಕಾಚಿನ ಕಂದು, ಇಂಥ ಬಣ್ಣಗಳನ್ನು ಅರಗಿಗೆ ಸೇರಿಸಬಹುದು. ಏಟಿಕೊಪ್ಪಾಕದಲ್ಲಿ ಸಸ್ಯದ ಬಣ್ಣವನ್ನು ಮತ್ತೆ ರೂಢಿಗೆ ತಂದ ಸಿ.ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಕೇಂದ್ರ ಸರ್ಕಾರವೂ ಆಟಿಕೆಗಳಿಗೆ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯ ಮಾಡಿತು. ನೋಂದಾಯಿಸಿದ ಕುಶಲಕರ್ಮಿಗಳಿಗೆ, ಭೌಗೋಳಿಕ ಗುರುತಿನ ನೋಂದಾಯಿತ ಬಳಕೆದಾರರಿಗೆ ಅದರಲ್ಲಿ ವಿನಾಯಿತಿ ಕೊಟ್ಟರು. ಚನ್ನಪಟ್ಟಣದ ಬೊಂಬೆಗೆ ಆ ಭೌಗೋಳಿಕ ಗುರುತು 2005-06ರಲ್ಲೇ ಸಿಕ್ಕಿದೆ. ಕಾನೂನಿನ ವಿನಾಯಿತಿ ಕಾಗದಕ್ಕೆ ಸರಿ, ಮಗುವಿನ ಹೊಟ್ಟೆಗೆ ವಿನಾಯಿತಿ ಇಲ್ಲ.

ಲೇತಿನ ಮುಂದೆ ಕೂರುವ ಹುಡುಗರಿಗೆ, ಹೆಣ್ಣುಮಕ್ಕಳಿಗೆ ಒಂದು ಎಚ್ಚರಿಕೆ. ಬಿರುಕು ಬಿಟ್ಟ ತುಂಡನ್ನು ಕರೆಂಟು ಲೇತಿಗೆ ಹಾಕಬೇಡಿ. ನಮ್ಮ ಊರಿನಲ್ಲೇ ಒಂದು ತುಂಡು ಸಿಡಿದು ಹುಡುಗನ ಹುಬ್ಬಿಗೆ ಹೊಲಿಗೆ ಬಿತ್ತು, ಕಣ್ಣು ಉಳಿದದ್ದು ಪುಣ್ಯ. ಮರ ದಪ್ಪ ಇದ್ದಷ್ಟೂ ವೇಗ ಕಡಿಮೆ ಇರಬೇಕು. ಒಂದೇ ಸುತ್ತಿನಲ್ಲಿ 1 ಅಂಗುಲದ ತುಂಡಿನ ಅಂಚು ಎಷ್ಟು ಓಡುತ್ತದೋ 4 ಅಂಗುಲದ್ದು ಅದರ 4 ಪಟ್ಟು ಓಡುತ್ತದೆ. ಸೆರಗು, ತೋಳು, ಜಡೆ ಬಿಗಿಯಾಗಿ ಕಟ್ಟಿಕೊಳ್ಳಿ.

ಈಗ ನಮ್ಮ ಬೇಡಿಕೆಗೆ ಬರುತ್ತೇವೆ. ಸಂಘ ಮರದ ವ್ಯಾಪಾರ ಮಾಡಲಿ ಅಂತ ನಾವು ಹೇಳುತ್ತಿಲ್ಲ. ಇದು ಹಾಲು ಉತ್ಪಾದಕರ ಸಂಘ, ನಮ್ಮ ಉಪವಿಧಿಯಲ್ಲಿ ಅದಕ್ಕೆ ಜಾಗ ಇಲ್ಲ. ಹೊಸ ಉದ್ದೇಶ ಸೇರಿಸಬೇಕಾದರೆ ಸಾಮಾನ್ಯ ಸಭೆ ಒಪ್ಪಬೇಕು, ತಿದ್ದುಪಡಿ ಇಲಾಖೆಯಲ್ಲಿ ನೋಂದಣಿಯೂ ಆಗಬೇಕು. ಹಾಲಿನ ದುಡ್ಡನ್ನು ಮರಕ್ಕೆ ಸುರಿಯಬಾರದು ಅಂತ ಹಿರಿಯ ಸದಸ್ಯರು ಹೇಳಿದ್ದು ನೂರಕ್ಕೆ ನೂರು ಸರಿ. ನಾವು ಕೇಳುವುದು ಮೂರೇ ಮೂರು.

ಒಂದು, ಸಂಘದ ಕಟ್ಟಡದ ಹಿಂದೆ ಖಾಲಿ ಬಿದ್ದಿರುವ ಸೂರಿನ ಮೂಲೆಯನ್ನು ಆಲೆ ಮರ ಒಣಗಿಸಲು ಸದಸ್ಯರಿಗೆ ಬಿಟ್ಟುಕೊಡುವ ಬಗ್ಗೆ ಇವತ್ತಿನ ಸಭೆ ಚರ್ಚೆ ಮಾಡಲಿ. ಮರ ಅವರವರದೇ, ಮಾರಾಟ ಅವರವರದೇ. ತೂಕಕ್ಕೆ ಹಳೇ ತಕ್ಕಡಿ ಸಾಕು. ಎರಡು, ಬದುವಿನ ಆಲೆ ಮರವನ್ನು ಬೇರು ಸಮೇತ ಜೆ.ಸಿ.ಬಿ.ಯಲ್ಲಿ ಕೀಳಿಸುವುದನ್ನು ನಾವು ನಾವೇ ನಿಲ್ಲಿಸೋಣ. ನೆಲದಿಂದ ಒಂದು ಗೇಣು ಬಿಟ್ಟು ಓರೆಯಾಗಿ, ತೊಗಟೆ ಸೀಳದ ಹಾಗೆ ಕಡಿದರೆ ಮತ್ತೆ ಚಿಗುರುತ್ತದೆ. ಚಿಗುರಿನಲ್ಲಿ ನೇರವಾದ ಎರಡು ಮೂರು ಉಳಿಸಿಕೊಂಡು ಮಿಕ್ಕದ್ದು ತೆಗೆಯಿರಿ. ಮೂರು, ಕಾಯಿ ಒಡೆಯುವ ಮುಂಚೆ ಬೀಜ ಕೂಡಿಸಿ ಶಾಲೆಯ ಮಕ್ಕಳ ಕೈಯಲ್ಲಿ ಸಸಿ ಮಾಡಿಸೋಣ.

ಆಲೆ ನಿಧಾನದ ಮರ, ನೀಲಗಿರಿಯ ಹಂಗೆ ಓಡುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ನಿಜ. ಓಡಿದ ನೀಲಗಿರಿ ಎಲ್ಲಿಗೆ ಬಂತು ಅಂತಲೂ ನೋಡಿದ್ದೇವೆ. 2017ರಲ್ಲಿ ಸರ್ಕಾರವೇ ಹೊಸದಾಗಿ ನೆಡಬಾರದು ಅಂತ ಆದೇಶ ಹೊರಡಿಸಿತು. ಆಲೆ ನಮಗೆ ಹೊಲದ ಬೆಳೆಯಲ್ಲ, ಬದುವಿನ ಬೆಳೆ. ರಾಗಿಗೂ ಹಿಪ್ಪುನೇರಳೆಗೂ ಜಾಗ ಬಿಡಿಸದೆ ತನ್ನ ಪಾಡಿಗೆ ನಿಂತಿರುತ್ತದೆ. ಇದರಿಂದ ನಾಳೆಯೇ ಶ್ರೀಮಂತರಾಗುತ್ತೀರಿ ಅಂತ ನಾವು ಆಸೆ ಹುಟ್ಟಿಸುವುದಿಲ್ಲ. ಆದರೆ ಮರ ಸಿಗದೆ ಲೇತು ನಿಂತರೆ, ಪಕ್ಕದ ಬೀದಿಯ ಹೆಣ್ಣುಮಗಳು ಅರಗಿನ ಕಡ್ಡಿ ಕೆಳಗಿಟ್ಟು ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾಳೆ. ಕಲಿತ ಕೈ ಒಂದು ಸಲ ಬಿಟ್ಟರೆ ಮತ್ತೆ ಹಿಡಿಯುವುದು ಕಷ್ಟ. ಬದುವಿನಲ್ಲಿ ಮರ ಉಳಿದರೆ ಬೀದಿಯಲ್ಲಿ ಕೆಲಸ ಉಳಿಯುತ್ತದೆ. ಈ ಎರಡಕ್ಕೂ ಇರುವ ಸಂಬಂಧ ಅಷ್ಟೇ ನಾವು ಹೇಳಬೇಕಿದ್ದದ್ದು.

ಇಪ್ಪತ್ತೈದು ವರ್ಷದ ಹಿಂದೆ ಒಂದೊಂದು ಚೊಂಬು ಹಾಲನ್ನು ಬೇರೆ ಬೇರೆ ಮಾರುತ್ತಿದ್ದವರು ಒಂದು ಕ್ಯಾನಿಗೆ ಸುರಿದಾಗ ಈ ಸಂಘ ಆಯಿತು. ಅಳತೆ, ತೂಕ, ಗುಣಕ್ಕೆ ತಕ್ಕ ಬೆಲೆ ಅನ್ನುವ ಪಾಠ ಹಾಲಿನಲ್ಲಿ ಕಲಿತಿದ್ದೇವೆ. ಅದೇ ಪಾಠವನ್ನು ಬದುವಿನ ಮರಕ್ಕೂ ಹಚ್ಚಿ ನೋಡಿ ಅಂತ ಕೇಳಿಕೊಳ್ಳುತ್ತೇವೆ. ಚರ್ಚೆಯಲ್ಲಿ ಒಪ್ಪದವರೂ ಎದ್ದು ಮಾತಾಡಬೇಕು, ಸಂಘ ಇರುವುದೇ ಅದಕ್ಕೆ.



ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.